ಟಗರಿಗೊಂದು ತಾರೀಖು

ಅಲಂಪುರದ ಹತ್ತಿರದಿಂದ,
6 ಅಕ್ಟೋಬರ್ 2025

ಅಖಿಲಾ ಮೇಡಂ ಅವರಿಗೆ,

ದಸರಾ ರಜೆ ಮುಗಿಯಿತು. ನಿಮ್ಮ ಶಾಲೆಯ ಮಕ್ಕಳು ನಮ್ಮ ಮಕ್ಕಳಿಗೆ ಬರೆದ ಕಾಗದಗಳ ಕಟ್ಟು ರಜೆಯುದ್ದಕ್ಕೂ ಗದ್ವಾಲ ಬಸ್ ಸ್ಟ್ಯಾಂಡಿನ ಪಾರ್ಸೆಲ್ ಕೋಣೆಯಲ್ಲಿ ಬಿದ್ದಿತ್ತು. ಇವತ್ತು ತಂದು ಹಂಚಿದೆ. ನಿಮ್ಮ ಐದನೆಯ ತರಗತಿಯ ಮೌನಿಕಾ ನಮ್ಮ ಸಾಯಿಕುಮಾರನಿಗೆ ತೆಲುಗಿನಲ್ಲಿ ಒಂದೇ ಪ್ರಶ್ನೆ ಬರೆದಿದ್ದಾಳೆ: ನಿಮ್ಮೂರಿನ ನದಿ ರಾತ್ರಿ ಎಲ್ಲಿರುತ್ತದೆ? ಅವನು ಬೆಳಗಿನಿಂದ ಪೆನ್ಸಿಲ್ ಕಚ್ಚುತ್ತಾ ಕೂತಿದ್ದಾನೆ.

ಮಕ್ಕಳಿಗೆ ಕಾಗದ ಬರೆಯಲು ಹೇಳಿ ನಾವು ಫೋನಿನಲ್ಲಿ ಮಾತು ಮುಗಿಸುವುದು ಸರಿಯಲ್ಲ ಎಂದು ಮಹಬೂಬ್‌ನಗರದ ತರಬೇತಿಯಲ್ಲಿ ನೀವೇ ಹೇಳಿದ್ದಿರಿ. ಅದನ್ನು ಪಾಲಿಸುತ್ತಿದ್ದೇನೆ. ನಮ್ಮ ಮನೆಮಾತು ಕನ್ನಡವಾದರೂ ಕನ್ನಡದಲ್ಲಿ ಕಾಗದ ಬರೆಯುವುದು ಈಗ ನಿಮಗೊಬ್ಬರಿಗೇ.

ಎರಡೂ ಶಾಲೆಯ ಮಕ್ಕಳನ್ನು ಒಂದು ದಿನ ಜೂರಾಲ ಅಣೆಕಟ್ಟಿನ ಹಿನ್ನೀರಿನ ದಂಡೆಗೆ ಕರೆದೊಯ್ಯುವ ನಮ್ಮ ಮಾತು ಈ ವರ್ಷವಾದರೂ ನಡೆಯಬೇಕು. ನಿಮಗೂ ನಮಗೂ ಅದು ನಡುದಾರಿ. ಸರ್ಕಾರದ ಕಡೆಯಿಂದ ಏನೂ ಬರುವುದಿಲ್ಲ, ಎರಡು ಊರಿನವರೇ ಹೊರಬೇಕು. ನಮ್ಮಲ್ಲಿ ಕಾರ್ತೀಕ ಮಾಸದಲ್ಲಿ ನೆಲ್ಲಿ ಮರದ ಕೆಳಗೆ ವನಭೋಜನ ಮಾಡುವ ವಾಡಿಕೆ ಇದೆಯಲ್ಲ, ಅದರ ಹೆಸರಿನಲ್ಲಿ ಕೇಳಿದೆ. ದೇವಸ್ಥಾನದ ಬೀದಿಯ ಅಂಗಡಿಯವರು ಅಕ್ಕಿ, ಬೇಳೆ, ಬೆಲ್ಲ, ಎಲೆ ಕೊಡುತ್ತಾರೆ. ನಿಮ್ಮವರು ಕೈಲಾದದ್ದನ್ನು ಕೊಡಲಿ. ನವೆಂಬರ್ ಒಂಬತ್ತು, ಭಾನುವಾರ. ಒಪ್ಪಿಗೆಯೇ?

ಸುಜಯೀಂದ್ರ


ದಾಮರಗಿದ್ದ ಮಂಡಲ,
14 ಅಕ್ಟೋಬರ್ 2025

ಸುಜಯೀಂದ್ರ ಸರ್ ಅವರಿಗೆ ನಮಸ್ಕಾರ.

ಒಪ್ಪಿಗೆ, ಒಪ್ಪಿಗೆ. ಆದರೆ ಇಲ್ಲೊಂದು ಎಡವಟ್ಟು ಆಗಿದೆ.

ಬೀರಪ್ಪನ ಗುಡಿಯ ಮುಂದೆ ಊರವರನ್ನು ಕೂಡಿಸಿ ವಿಷಯ ಹೇಳಿದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಮೌನಿಕಾಳ ಅಜ್ಜಿ ಬಾಲಮ್ಮ ಎದ್ದು ತನ್ನ ಹಿಂಡಿನಿಂದ ಒಂದು ಟಗರು ಮರಿ ತಂದು ನಡುವೆ ಬಿಟ್ಟಳು. ಸಂತೆಯಲ್ಲಿ ಮಾರಿ ಬಸ್ಸು ಗೊತ್ತು ಮಾಡೋಣ ಎಂದುಕೊಂಡೆ. ನಾನು ಬಾಯಿ ತೆರೆಯುವ ಮೊದಲೇ ಪೂಜಾರಿ ಮಾರೆಪ್ಪ ಮರಿಯ ನೆತ್ತಿಗೆ ಭಂಡಾರ ಬಳಿದ. ಭಂಡಾರವೆಂದರೆ ಗುಡಿಯ ಅರಿಸಿನ ಪುಡಿ ಎಂಬುದು ನಿಮಗೆ ಗೊತ್ತು. ಅದು ಬಿದ್ದ ಮೇಲೆ ಮರಿ ದೇವರದು. ನಾನೂ ಕುರುಬರ ಮನೆಯವಳೇ, ಮೊದಲೇ ಎಚ್ಚರಿಸಬೇಕಿತ್ತು.

ಮಾರೆಪ್ಪ ಮಕ್ಕಳನ್ನೆಲ್ಲ ಸಾಲಾಗಿ ಕರೆದು ಮರಿಯ ಬೆನ್ನ ಮೇಲೆ ಕೈ ಇಡಿಸಿದ. “ನದಿ ಊರಿನ ಮಕ್ಕಳ ಕೂಡ ಕುಂತು ಉಣ್ಣೋತನಕ ಇದು ಬೀರಪ್ಪಂದು” ಎಂದ. ಇದನ್ನು ಮಾರುವಂತಿಲ್ಲ. ಆ ದಿನವೇ ಕೊಯ್ದು, ಅಲ್ಲೇ ಬೇಯಿಸಿ, ಕೂಡಿ ಉಣ್ಣಬೇಕು. ಕೈ ಇಟ್ಟ ಮಕ್ಕಳೆಲ್ಲ ಆ ಪಂಕ್ತಿಯಲ್ಲಿ ಇರಲೇಬೇಕು. ಅಲ್ಲಿಯವರೆಗೆ ಆ ಮಕ್ಕಳಲ್ಲಿ ಯಾರೂ ಊರು ಬಿಟ್ಟು ಬೇರೆ ಕಡೆ ಬಿಡಾರ ಹೂಡುವಂತಿಲ್ಲ. ಮೌನಿಕಾಳ ಅಪ್ಪ ನರೇಂದರ್ ದಸರೆಗೆಂದು ಪುಣೆಯಿಂದ ಬಂದಿದ್ದಾನೆ, ಕಟ್ಟಡದ ಕೆಲಸ. ಮಗಳು ಕೈ ಇಡುವಾಗ ದೂರ ನಿಂತು ನೋಡುತ್ತಿದ್ದ.

ಬಸ್ಸಿನ ಚಿಂತೆ ಬೇಡ. ಕುರಿ ಇದ್ದವರೆಲ್ಲ ಈ ಸಲದ ಉಣ್ಣೆ ಮಾರಿ ಕೊಡುತ್ತಾರಂತೆ.

ಅಖಿಲಾ


21 ಅಕ್ಟೋಬರ್ 2025

ಅಖಿಲಾ ಮೇಡಂ,

ದೀಪಾವಳಿಯ ಶುಭಾಶಯಗಳು. ಒಂದು ಸಂಕೋಚದ ಮಾತು ಬರೆಯಬೇಕಾಗಿದೆ.

ನಮ್ಮ ಮಕ್ಕಳಲ್ಲಿ ಬಹಳಷ್ಟು ಜನ ಮಾಂಸ ತಿನ್ನುವ ಮನೆಯವರೇ. ತೊಡಕು ಇರುವುದು ಕೊಡುವವರದು. ಕಾರ್ತೀಕದಲ್ಲಿ ಈ ಬೀದಿಯವರು ಈರುಳ್ಳಿಯನ್ನೂ ಮನೆಯೊಳಗೆ ತರುವುದಿಲ್ಲ. ಅಕ್ಕಿ ಕೊಡುವ ಗುರುಪ್ರಸಾದನಿಗೆ, ಆ ಊರಿನವರ ಜೊತೆ ಒಂದು ಮರಿಯೂ ಬರುತ್ತದೆ ಎಂದಷ್ಟೇ ಹೇಳಿದೆ. ಅವನು ಸಂತೋಷಪಟ್ಟ. ಮಕ್ಕಳಿಗೆ ಆಡಲು ಚೆನ್ನಾಗಿರುತ್ತದೆ, ನಾನು ಒಂದು ಹೊರೆ ಹುಲ್ಲು ತರುತ್ತೇನೆ ಎಂದ. ನಾನು ತಿದ್ದಲಿಲ್ಲ.

ನಿಮ್ಮವರು ಮುಡಿಪನ್ನು ಊರಿನಲ್ಲೇ ಮುಗಿಸಿಕೊಂಡು ಬರಲು ಸಾಧ್ಯವೇ? ಮಾರೆಪ್ಪನವರನ್ನು ಒಮ್ಮೆ ಕೇಳಿ ನೋಡಿ. ತಪ್ಪು ತಿಳಿಯಬೇಡಿ.

ಸುಜಯೀಂದ್ರ


12 ನವೆಂಬರ್ 2025

ಸರ್,

ಒಂಬತ್ತನೆಯ ತಾರೀಖು ಹೋಯಿತು. ಹಿಂದಿನ ದಿನ ಫೋನಿನಲ್ಲಿ, ಆಗುವುದಿಲ್ಲ, ಕಾಗದ ಬರೆಯುತ್ತೇನೆ ಎಂದು ಎರಡೇ ಮಾತು ಹೇಳಿ ಇಟ್ಟೆ. ನಿಮ್ಮ ಮಕ್ಕಳು ಹೊಸ ಬಟ್ಟೆ ತೆಗೆದಿಟ್ಟಿದ್ದರು ಎಂದು ಆಮೇಲೆ ತಿಳಿಯಿತು. ಕ್ಷಮಿಸಿ.

ಮರಿಗೆ ಕಾಲುಬೇನೆ ಬಂದಿದೆ. ಕುಂಟುವ ಮರಿಯನ್ನು ದೇವರಿಗೆ ಕೊಡುವುದಿಲ್ಲ. ಊರಿನಲ್ಲೇ ಮುಗಿಸುವ ವಿಚಾರ ಕೇಳಿದ್ದಿರಿ, ಅದೂ ಆಗದು. ನಿಮ್ಮ ಮಕ್ಕಳ ಜೊತೆ ಎಂದು ಹೇಳಿ ಆಗಿದೆ, ನಿಮ್ಮವರಿಲ್ಲದೆ ಅದು ತೀರುವುದಿಲ್ಲ.

ಮರಿ ಗುಣವಾಗಲಿ, ನೋಡೋಣ. ಮೌನಿಕಾ ತನ್ನ ಪ್ರಶ್ನೆಗೆ ಉತ್ತರ ಬಂತೇ ಎಂದು ದಿನವೂ ಕೇಳುತ್ತಾಳೆ.

ಅಖಿಲಾ


24 ನವೆಂಬರ್ 2025

ಅಖಿಲಾ ಮೇಡಂ,

ನಿಮ್ಮ ಕಾಗದವನ್ನು ಕೆಲವು ಸಲ ಓದಿದೆ. ನನ್ನ ಹಿಂದಿನ ಕಾಗದ ನಿಮ್ಮವರಿಗೆ ನೋವು ಕೊಟ್ಟಿದೆ ಎಂದು ತೋರುತ್ತದೆ. ಒಬ್ಬರು ಮನಸಾರೆ ಕೊಟ್ಟದ್ದನ್ನು ಬೇರೆ ಕಡೆ ಮುಗಿಸಿಕೊಂಡು ಬನ್ನಿ ಎಂದು ಬರೆಯಬಾರದಿತ್ತು. ಮರಿಯ ಕಾಲುಬೇನೆ ನಿಜವಾದರೂ ಅದಕ್ಕಿಂತ ಮುಂಚಿನ ನೋವು ಇದು ಎಂದುಕೊಂಡಿದ್ದೇನೆ.

ಆದ್ದರಿಂದ ಗುರುಪ್ರಸಾದನ ಅಂಗಡಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಯಾರಿಗೋ ಬೆಲ್ಲ ತೂಗುತ್ತಿದ್ದ. ತೂಗಿ, ಕಟ್ಟಿಕೊಟ್ಟು, ಕೈ ಒರೆಸಿಕೊಂಡು, “ಕಾರ್ತೀಕ ಮುಗೀತಲ್ರಿ ಆಚಾರ್ರೆ. ಎರಡು ಒಲಿ ಹೂಡ್ರಿ. ಗಾಳಿ ಯಾ ಕಡೆ ಬೀಸತೈತಿ ನೋಡಿ ಹೂಡ್ರಿ” ಎಂದ. ಹುಲ್ಲಿನ ಹೊರೆಯ ಮಾತು ಇಬ್ಬರೂ ಎತ್ತಲಿಲ್ಲ.

ಹೀಗಾಗಿ ನಮ್ಮ ಕಡೆಯ ತೊಡಕು ಕಳೆಯಿತು. ಡಿಸೆಂಬರ್ ಇಪ್ಪತ್ತೊಂದು, ಭಾನುವಾರ. ಪಂಚಾಯತಿ ಚುನಾವಣೆಯೂ ಅಷ್ಟರೊಳಗೆ ಮುಗಿದಿರುತ್ತದೆ. ಈ ಸಲ ದಯವಿಟ್ಟು ತಪ್ಪಿಸಬೇಡಿ.

ಸುಜಯೀಂದ್ರ


16 ಡಿಸೆಂಬರ್ 2025

ಸರ್,

ಚುನಾವಣೆಯ ಡ್ಯೂಟಿಯಲ್ಲಿ ಕಾಗದ ತಡವಾಯಿತು. ಇಪ್ಪತ್ತೊಂದಕ್ಕೆ ಬಸ್ಸು ಸಿಗುವಂತಿಲ್ಲ. ಮರಿಯೂ ಇನ್ನೂ ಚೇತರಿಸಿಕೊಂಡಿಲ್ಲ. ಸಂಕ್ರಾಂತಿ ಕಳೆದ ಮೇಲೆ ನೋಡೋಣವೇ?

ನೀವು ಅಷ್ಟು ದೂರ ಯೋಚಿಸಿ ಮಾಡಿದ ಏರ್ಪಾಡಿಗೆ ಇಷ್ಟೇ ಉತ್ತರ ಬರೆಯಲು ನಾಚಿಕೆಯಾಗುತ್ತದೆ.

ಅಖಿಲಾ


5 ಜನವರಿ 2026

ಅಖಿಲಾ ಮೇಡಂ,

ನಿನ್ನೆ ಭಾನುವಾರ ನಾರಾಯಣಪೇಟೆಗೆ ಬಂದಿದ್ದೆ. ಸೊಸೆಗೆ ಸೀರೆ ತರುವ ಕೆಲಸವಿತ್ತು. ಸೀರೆ ಬೇಗ ಸಿಕ್ಕಿತು, ದಾಮರಗಿದ್ದದ ಬಸ್ಸು ಎದುರಿಗೇ ನಿಂತಿತ್ತು, ಹತ್ತಿದೆ. ನಿಮ್ಮ ಶಾಲೆಗೆ ಬೀಗ ಹಾಕಿತ್ತು. ಬಾಲಮ್ಮನ ಮನೆ ಕೇಳಿಕೊಂಡು ಹೋದೆ.

ಟಗರನ್ನು ನೋಡಿದೆ. ಮರಿ ಎಂದು ಇನ್ನು ಬರೆಯಲಾರೆ. ಅದರ ಕಾಲು ಹೇಗಿದೆ ಎಂದು ಕೇಳಿದ್ದಕ್ಕೆ ಬಾಲಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಯಾತರ ಕಾಲುಬ್ಯಾನಿ ಸಾರ್? ನಿಮಗಿಂತ ಚೊಲೊ ಓಡತೈತಿ. ಬೇಕಾದ್ರ ಬಿಡತೀನಿ, ಮುಂದ ಓಡ್ರಿ” ಎಂದಳು. ನಾನು ಬೇಡವೆಂದೆ. ಮಜ್ಜಿಗೆ ಕೊಟ್ಟಳು. ಮೌನಿಕಾ ಕದದ ಹಿಂದೆ ನಿಂತಿದ್ದಳು. ನಾನು ನದಿ ಊರಿನ ಮೇಷ್ಟ್ರು ಎಂದ ಕೂಡಲೇ ಒಳಗೆ ಓಡಿಹೋದಳು. ಬಾಲಮ್ಮನಾಗಲಿ ಬೇರೆಯವರಾಗಲಿ ನಮ್ಮ ಮೇಲೆ ಬೇಸರಗೊಂಡಂತೆ ಕಾಣಲಿಲ್ಲ.

ನೀವು ಏಕೆ ತಡೆಯುತ್ತಿದ್ದೀರಿ ಎಂಬುದು ನನಗೆ ತಿಳಿಯುತ್ತಿಲ್ಲ. ನಾನು ಏಕೆ ಅವಸರ ಮಾಡುತ್ತಿದ್ದೇನೆ ಎಂಬುದನ್ನೂ ಬರೆಯದೆ ಇಟ್ಟುಕೊಂಡಿದ್ದೆ, ಈಗ ಬರೆಯುತ್ತೇನೆ. ಫೆಬ್ರವರಿ ಕೊನೆಗೆ ನನ್ನ ನಿವೃತ್ತಿ. ಇಷ್ಟು ವರ್ಷ ಮಕ್ಕಳನ್ನು ಗೋಡೆಗಳ ನಡುವೆಯೇ ಕೂರಿಸಿದೆ. ಒಂದು ದಿನವಾದರೂ ಅವರನ್ನು ಬೇರೆ ಊರಿನ ಮಕ್ಕಳ ಜೊತೆ ಬಯಲಿನಲ್ಲಿ ನೋಡಿ ಹೋಗಬೇಕೆಂಬ ಆಸೆ. ಇದು ನಿಮಗೆ ಒತ್ತಾಯವಾಗಬಾರದೆಂದು ಹೇಳಿರಲಿಲ್ಲ.

ಸುಜಯೀಂದ್ರ


9 ಜನವರಿ 2026

ಸರ್,

ಕಾಲುಬೇನೆ ಸುಳ್ಳು. ಬಸ್ಸು ಸಿಗಲಿಲ್ಲ ಎಂದದ್ದೂ ಸುಳ್ಳು.

ಮೌನಿಕಾ ನಾಲ್ಕನೆಯ ತರಗತಿಯಲ್ಲಿದ್ದಾಗ ದೀಪಾವಳಿಯಿಂದ ಯುಗಾದಿಯವರೆಗೆ ಪುಣೆಯಲ್ಲಿದ್ದಳು. ಅವಳ ಅಪ್ಪ ನರೇಂದರ್, ತಾಯಿ ಮೊಗುಲಮ್ಮ ಇಬ್ಬರೂ ಕೆಲಸಕ್ಕೆ ಹೋದರೆ ಅವಳ ಪುಟ್ಟ ತಮ್ಮ ಸುನಿಲನನ್ನು ನೋಡಿಕೊಳ್ಳುವವರು ಬೇಕು. ತಿರುಗಿ ಬಂದಾಗ ಒತ್ತಕ್ಷರ ಮರೆತಿದ್ದಳು, ಕೂಸಿಗೆ ಗಂಜಿ ಕುಡಿಸುವುದನ್ನು ಕಲಿತಿದ್ದಳು. ಈ ವರ್ಷವೂ ಹೋದರೆ ಐದನೆಯ ತರಗತಿ ತಪ್ಪುತ್ತದೆ. ನಾರಾಯಣಪೇಟೆಯ ಹಾಸ್ಟೆಲಿನಲ್ಲಿ ಆರನೆಯ ತರಗತಿಗೆ ಸೀಟು ಸಿಗುವುದಿಲ್ಲ. ತಪ್ಪಿದವರು ಮತ್ತೆ ಬಂದದ್ದನ್ನು ನಾನು ನೋಡಿಲ್ಲ.

ಮಾರೆಪ್ಪ ಮಕ್ಕಳ ಕೈ ಇಡಿಸಿದಾಗ ಇದು ನನಗೆ ಹೊಳೆದಿರಲಿಲ್ಲ. ದೀಪಾವಳಿಯ ಮರುದಿನ ನರೇಂದರ್ ಗಂಟು ಕಟ್ಟಿಕೊಂಡು ಹೆಂಡತಿ, ಕೂಸಿನ ಜೊತೆ ಹೊರಟು, ಮೌನಿಕಾಳನ್ನು ಮಾತ್ರ ಬಿಟ್ಟು ಹೋದ. ಮುಡಿಪು ತೀರದೆ ಕರೆದೊಯ್ಯಲು ಅವನಿಗೆ ಧೈರ್ಯವಿಲ್ಲ. “ಊಟ ಆದ ಮರುದಿನ ಬಂದು ಕರಕೊಂಡು ಹೋಗತೀನಿ ಟೀಚರಮ್ಮ” ಎಂದ. ಆ ಮೇಲೆ ನೀವು ಬರೆದ ಪ್ರತಿ ತಾರೀಖಿನಲ್ಲಿ ನನಗೆ ಕಂಡದ್ದು ಅದರ ಮರುದಿನ ಮಾತ್ರ.

ನಿಮಗೆ ಮೊದಲೇ ಹೇಳಬಹುದಿತ್ತು. ನೀವು ಸುಳ್ಳು ಹೇಳುವವರಲ್ಲ, ನಿಮ್ಮ ಕೈಲಿ ಹೇಳಿಸುವುದು ಬೇಡ ಎಂದುಕೊಂಡೆ. ನಿವೃತ್ತಿಯ ವಿಷಯ ಖಂಡಿತ ಗೊತ್ತಿರಲಿಲ್ಲ. ನೀವು ಹೆಸರಿಗಾಗಿ ಅವಸರ ಮಾಡುತ್ತಿದ್ದೀರಿ ಎಂದೂ ಒಂದೆರಡು ಸಲ ಅನ್ನಿಸಿತ್ತು.

ಜನವರಿ ಇಪ್ಪತ್ತೈದು ಭಾನುವಾರ. ನೀವು ಹೂಂ ಎಂದರೆ ಬರುತ್ತೇವೆ. ನಾನು ಇನ್ನು ತಡೆಯುವುದಿಲ್ಲ.

ಅಖಿಲಾ


19 ಜನವರಿ 2026

ಅಖಿಲಾ ಮೇಡಂ,

ಇಪ್ಪತ್ತೈದು ಬೇಡ.

ನಿಮ್ಮ ಕಾಗದಕ್ಕೆ ಏನು ಬರೆಯಬೇಕೆಂದು ತಿಳಿಯದೆ ಇದ್ದೆ. ಮೊನ್ನೆ ಶನಿವಾರ ಶಾಲೆ ಬಿಡುವ ಹೊತ್ತಿಗೆ ಒಬ್ಬ ಮನುಷ್ಯ ಗೇಟಿನ ಹತ್ತಿರ ನಿಂತಿದ್ದ. ಚಪ್ಪಲಿ ಹೊರಗೆ ಬಿಟ್ಟು ಬಂದ. ನರೇಂದರ್. ಸಂಕ್ರಾಂತಿಗೆ ಊರಿಗೆ ಬಂದವನು ನನ್ನನ್ನು ಹುಡುಕಿಕೊಂಡು ಇಲ್ಲಿಯವರೆಗೆ ಬಂದಿದ್ದ.

“ಸಾರ್, ಟೀಚರಮ್ಮನ್ನ ಕೇಳಿದ್ರ ನಿಮ್ಮ ಹೆಸರು ಹೇಳತಾರ. ನೀವರ ಒಂದು ತಾರೀಖು ಹೇಳ್ರಿ” ಎಂದ. ಕೂರಲು ಹೇಳಿದೆ, ಕೂರಲಿಲ್ಲ. ಅವನನ್ನು ನಾನು ಬೇರೆ ಥರ ಕಲ್ಪಿಸಿಕೊಂಡಿದ್ದೆ. ಮೆಲ್ಲಗೆ ಮಾತಾಡುತ್ತಾನೆ. ಮಗಳು ಚೆನ್ನಾಗಿ ಓದುತ್ತಾಳಂತೆ ಎಂದು ನಾನು ಅಂದಾಗ, ಗೊತ್ತು ಸಾರ್, ನನಗೂ ಗೊತ್ತು ಎಂದ. ಆಮೇಲೆ ಕೂಸಿನ ವಿಷಯ ಹೇಳಿದ. ನಾಲ್ಕನೆಯ ಮಹಡಿಯಲ್ಲಿ ಮೊಗುಲಮ್ಮ ಮರಳು ಹೊರುವಾಗ ಸುನಿಲನ ಸೊಂಟಕ್ಕೆ ಹಳೆಯ ಸೀರೆ ಸುತ್ತಿ ಕಂಬಕ್ಕೆ ಕಟ್ಟುತ್ತಾರೆ. ಗೋಡೆ ಇನ್ನೂ ಎದ್ದಿಲ್ಲ. “ಹೋದ ವಾರ ಗಂಟು ಬಿಚ್ಚಿಕೊಂಡಿದ್ದ ಸಾರ್. ಅಂಚಿನ ತನಕ ಹೋಗಿದ್ದ. ಅಕ್ಕ ಇದ್ದಿದ್ರ ಹಿಡಕೊಂತಿದ್ಲು.”

ಇದನ್ನು ನೀವು ನನಗೆ ಬರೆದಿರಲಿಲ್ಲ. ನಿಮಗೂ ಗೊತ್ತಿರಲಿಲ್ಲವೇನೋ.

ನಾನು ಮೇಜಿನ ಖಾನೆಯಿಂದ ಪಂಚಾಂಗ ತೆಗೆದೆ. ಹಾಳೆ ತಿರುಗಿಸಿದೆ. ಶುಕ್ರ ಅಸ್ತನಾಗಿದ್ದಾನೆ, ಮೂಢ ನಡೆಯುತ್ತಿದೆ, ಅದು ಕಳೆದರೂ ಯುಗಾದಿಯವರೆಗೆ ಒಳ್ಳೆಯ ದಿನವಿಲ್ಲ ಎಂದೆ. ಮೂಢ ಇರುವುದು ನಿಜ. ಅದನ್ನು ನೋಡುವುದು ಮದುವೆಗೆ, ಗೃಹಪ್ರವೇಶಕ್ಕೆ. ಯುಗಾದಿಯ ಮಾತು ಪೂರ್ತಿ ನನ್ನದು.

“ಸಾಲಿ ಹುಡುಗರ ಊಟಕ್ಕೂ ಮೂಢ ನೋಡತಾರೇನ್ರಿ?” ಎಂದು ಕೇಳಿದ.

ನೋಡುತ್ತಾರೆ ಎಂದೆ.

“ನೀವು ಆಚಾರ್ರು, ನಿಮಗ ಗೊತ್ತಿರತೈತಿ” ಎಂದು ಕೈ ಮುಗಿದ. ಅವನು ಹಾಗೆ ನಂಬದೆ ಜಗಳವಾಡಿದ್ದರೆ ಚೆನ್ನಾಗಿತ್ತು.

ತಾಯಿ ಕೂಸನ್ನು ಎತ್ತಿಕೊಂಡು ಊರಿಗೆ ಬರಲಿ, ಗೋಡೆಯಿಲ್ಲದ ಕಡೆ ಅಕ್ಕನೂ ಕೂಸೇ ಅಲ್ಲವೇ ಎಂದೆ. “ಒಬ್ಬರ ಕೂಲ್ಯಾಗ?” ಎಂದು ಕೇಳಿದ. ಗದ್ವಾಲದ ಬಸ್ಸು ಬಂತು, ಹೋದ.

ನನ್ನ ಫೆಬ್ರವರಿಯ ವಿಷಯ ಬಿಡಿ. ದಿನ ಗೊತ್ತು ಮಾಡಬೇಡಿ. ಆದರೆ ಆ ಕೂಸಿನ ಸುದ್ದಿ ತಿಳಿದ ಕೂಡಲೇ ಬರೆಯಿರಿ. ಬರೆಯುವುದು ತಡವಾದರೆ ಫೋನ್ ಮಾಡಿ, ನಿಯಮ ಮುರಿಯಲಿ.

ಸುಜಯೀಂದ್ರ


10 ಫೆಬ್ರವರಿ 2026

ಸರ್,

ಇಷ್ಟು ದಿನ ಬರೆಯಲಿಲ್ಲ, ಫೋನೂ ಮಾಡಲಿಲ್ಲ. ಹೇಳುವ ಸುದ್ದಿ ಇರಲಿಲ್ಲ. ದಿನವೂ ಮೌನಿಕಾಳ ಹೆಸರು ಕೂಗಿ, ಅವಳು ಬಂದೆ ಮೇಡಂ ಎಂದಾಗ ಕಣ್ಣ ಮುಂದೆ ಆ ಕಂಬ ಬರುತ್ತಿತ್ತು. ಹೌದು ಸರ್, ನನಗೆ ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ.

ನಿನ್ನೆ ಬೆಳಿಗ್ಗೆ ರಾಯಚೂರಿನ ಕಡೆಯಿಂದ ಬಂದ ಬಸ್ಸಿನಿಂದ ಮೊಗುಲಮ್ಮ ಇಳಿದಳು, ಸುನಿಲ ಬೆನ್ನ ಮೇಲೆ. ನರೇಂದರ್ ಒಬ್ಬನೇ ಅಲ್ಲಿ ಉಳಿದಿದ್ದಾನೆ. ನೀವು ಹೇಳಿದ್ದಕ್ಕೋ, ಗಂಟು ಮತ್ತೊಮ್ಮೆ ಬಿಚ್ಚಿತೋ, ಅವಳು ಹೇಳಲಿಲ್ಲ. ಇಲ್ಲಿ ಕೂಲಿ ಸಿಕ್ಕ ದಿನ ಉಂಟು, ಸಿಗದ ದಿನವೇ ಹೆಚ್ಚು. ಬಾಲಮ್ಮ ಎರಡು ಕುರಿ ಮಾರಿದಳು. ಇವತ್ತು ಸುನಿಲ ಶಾಲೆಯ ಕಟ್ಟೆಯ ಮೇಲೆ ಕೂತು, ಅಕ್ಕ ಮಗ್ಗಿ ಹೇಳುವಾಗ ತಾನೂ ಕಿರುಚಿದ. ಇದರಲ್ಲಿ ಯಾರು ಗೆದ್ದರೋ ನನಗೆ ತಿಳಿಯದು.

ಟಗರಿಗೆ ಕೊಂಬು ಸುತ್ತು ಹಾಕಿದೆ. ದೇವರದೆಂದು ಯಾರೂ ಹೊಡೆಯುವುದಿಲ್ಲ, ಅದಕ್ಕೂ ಅದು ಗೊತ್ತಾಗಿದೆ. ಹಾಜರಿ ನೋಡಲು ಬಂದ ಅಧಿಕಾರಿಯೊಬ್ಬರನ್ನು ಬೈಕಿನ ತನಕ ಅಟ್ಟಿಸಿಕೊಂಡು ಹೋಯಿತು. ಮಾರೆಪ್ಪ ಮಾತ್ರ ನನ್ನನ್ನು ಕಂಡಾಗಲೆಲ್ಲ, “ದೇವರ ಬಾಕಿ ಬಾಳ ದಿನ ಇಟ್ಟುಕೋಬಾರದವ್ವ” ಎನ್ನುತ್ತಾನೆ.

ಅಖಿಲಾ


2 ಮಾರ್ಚ್ 2026

ಅಖಿಲಾ ಮೇಡಂ,

ಶನಿವಾರ ಹಾರ ಹಾಕಿ ಕಳಿಸಿದರು. ಇವತ್ತು ಬೆಳಿಗ್ಗೆ ಅಭ್ಯಾಸಬಲದಿಂದ ಶಾಲೆಯ ದಾರಿಯಲ್ಲಿ ಅರ್ಧ ನಡೆದು, ತರಕಾರಿ ಕೊಂಡು ತಿರುಗಿ ಬಂದೆ. ಮಕ್ಕಳ ಕಾಗದಗಳ ಕಟ್ಟನ್ನು ಕಳಿಸುವ ಕೆಲಸ ಮಾತ್ರ ಹೊಸಬರಿಂದ ಕೇಳಿ ಪಡೆದುಕೊಂಡಿದ್ದೇನೆ.

ಸಾಯಿಕುಮಾರ ಕೊನೆಗೂ ಉತ್ತರ ಬರೆದ. ತಂದೆಯ ಜೊತೆ ಊಟವಾದ ಮೇಲೆ ಹೋಗಿ ನೋಡಿದನಂತೆ: ನದಿ ರಾತ್ರಿಯೂ ಅಲ್ಲೇ ಇತ್ತು, ಆದರೆ ಹೋಗುತ್ತಲೂ ಇತ್ತು. ಇದರ ಜೊತೆ ಇಟ್ಟಿದ್ದೇನೆ, ಮೌನಿಕಾಳಿಗೆ ಕೊಡಿ.

ಯುಗಾದಿ ಈ ತಿಂಗಳು ಹತ್ತೊಂಬತ್ತಕ್ಕೆ. ನಾನು ಕೊಟ್ಟ ಗಡುವು ಮುಗಿಯುತ್ತದೆ, ಮತ್ತೆ ಪಂಚಾಂಗ ತೆಗೆಯಲಾರೆ. ಪರೀಕ್ಷೆ, ಹಾಸ್ಟೆಲ್ ಸೀಟು ಎರಡನ್ನೂ ನೋಡಿಕೊಂಡು ನೀವೇ ತಾರೀಖು ಬರೆಯಿರಿ. ನಾನು ಮೇಷ್ಟ್ರಾಗಿ ಬರುವುದಿಲ್ಲ. ಗುರುಪ್ರಸಾದ ಅನ್ನದ ಹಂಡೆಯ ಹತ್ತಿರ ನಿಲ್ಲಲು ಹೇಳಿದ್ದಾನೆ.

ಸುಜಯೀಂದ್ರ


7 ಏಪ್ರಿಲ್ 2026

ಸರ್,

ಮೊನ್ನೆ ಜೂರಾಲದ ದಂಡೆಯಲ್ಲಿ ನೀವು ಸೌಟು ಹಿಡಿದು ನಿಂತದ್ದನ್ನು ನಮ್ಮ ಮಕ್ಕಳು ಇನ್ನೂ ಅಭಿನಯಿಸುತ್ತಿದ್ದಾರೆ. ಗಾಳಿ ನೋಡಿ ಎರಡು ಒಲೆ ಹೂಡಿದ್ದೆವು, ಮಧ್ಯಾಹ್ನ ಗಾಳಿ ತಿರುಗಿತು. ಗುರುಪ್ರಸಾದ ಅವರು ಮೂಗಿಗೆ ಟವೆಲ್ ಕಟ್ಟಿಕೊಂಡೇ ನಮ್ಮ ಸಾಲಿಗೂ ಬೆಲ್ಲದನ್ನ ಬಡಿಸಿದರು. ಅದೆಲ್ಲ ನೀವು ನೋಡಿದ್ದೀರಿ. ನಿಮ್ಮ ಬಸ್ಸು ಗದ್ವಾಲದ ಕಡೆ ತಿರುಗಿದ ಮೇಲೆ ನಡೆದದ್ದನ್ನು ಬರೆಯುತ್ತೇನೆ.

ಮಾರೆಪ್ಪ ಇನ್ನು ಕಾಯಲು ಒಪ್ಪದ್ದಕ್ಕೆ ಪರೀಕ್ಷೆಗೆ ಮೊದಲೇ ದಿನ ಇಟ್ಟಿದ್ದೆನಲ್ಲ. ನರೇಂದರ್ ಬಂದಿದ್ದ. ನಿಮ್ಮೆದುರು ಬರಲಿಲ್ಲ, ಹಿಂದಿನ ಸಾಲಿನಲ್ಲಿ ಕೂತು ಉಂಡ. ನೀವು ಹೋದ ಕೂಡಲೇ ಬಾಲಮ್ಮನ ಹತ್ತಿರ ಬಂದು, ಮುಡಿಪು ತೀರಿತಲ್ಲ, ನಾಳೆ ಮಗಳ ಬಟ್ಟೆ ಕಟ್ಟು ಎಂದ. ಮೌನಿಕಾ ನೀರಿನಂಚಿನಲ್ಲಿ ಸಾಯಿಕುಮಾರ ಕೊಟ್ಟ ಕಲ್ಲುಗಳನ್ನು ಸೆರಗಿನಂತೆ ಮಡಿಸಿದ ಲಂಗದಲ್ಲಿ ತುಂಬಿಕೊಂಡು ನಿಂತಿದ್ದಳು. ಅಪ್ಪನ ಮಾತು ಕೇಳಿ ಕಲ್ಲುಗಳನ್ನು ಒಂದೊಂದಾಗಿ ಕೆಳಗೆ ಇಡತೊಡಗಿದಳು.

ಬಾಲಮ್ಮ ಹೆಗಲ ಮೇಲಿನ ಕಂಬಳಿ ಬಿಚ್ಚಿದಳು. ಅದರೊಳಗೆ ಒಂದು ಮರಿ ಇತ್ತು, ಕಾಲು ಸರಿಯಾಗಿ ನಿಲ್ಲದಷ್ಟು ಎಳೆಯದು. ಬೆಳಗಿನಿಂದ ನಾವು ಯಾರೂ ನೋಡಿರಲಿಲ್ಲ. ಮಾರೆಪ್ಪನನ್ನು ಕರೆದು, “ಭಂಡಾರ ಉಳದೈತೇನು?” ಎಂದಳು. ಅವನು ಚೀಲದಿಂದ ತೆಗೆದು ಬಳಿದ. ಮಕ್ಕಳು ಆಗಲೇ ಸಾಲು ನಿಂತಿದ್ದರು. ಮೌನಿಕಾಳ ಕೈ ಬಿತ್ತು. ಬಾಲಮ್ಮ ಸುನಿಲನನ್ನು ಎತ್ತಿ ಅವನ ಕೈಯನ್ನೂ ಒತ್ತಿದಳು.

ನರೇಂದರ್ ನಿಂತು ನೋಡುತ್ತಿದ್ದ. “ಅವ್ವಾ, ಮತ್ತ?” ಎಂದ.

“ಮತ್ತ ಏನ? ಒಂದ ಸಲ ಉಂಡ್ರ ಮುಗೀತೇನು? ಆ ಊರಿನ ಹುಡುಗರ ಕೂಡ ಇನ್ನೊಮ್ಮೆ ಉಣ್ಣಬೇಕು.”

ಮಾರೆಪ್ಪ ಮರಿಯನ್ನು ಎತ್ತಿ, ತಿರುಗಿಸಿ ನೋಡಿ, ಮುಖ ಗಂಟಿಕ್ಕಿದ. “ಬಾಲಮ್ಮ, ಇದು ಹೆಣ್ಣು. ದೇವರಿಗೆ ಹೆಣ್ಣು ಕೊಯ್ಯಂಗಿಲ್ಲ.”

“ಗೊತ್ತೈತಿ. ಅದು ದೊಡ್ಡದಾಗಿ ಟಗರು ಈಯೋತನಕ ತಡೀರಿ.”

ನಾನು ಬಾಲಮ್ಮನ ಮುಖ ನೋಡಿದೆ. ಅವಳು ನನ್ನ ಕಡೆ ನೋಡದೆ ಕಂಬಳಿ ಕೊಡವುತ್ತಿದ್ದಳು.

ಹಾಸ್ಟೆಲಿಗೆ ಹೋದರೆ ಊರು ಬಿಟ್ಟಂತಾಗುತ್ತದೆಯೇ ಎಂದು ನಾನು ಮಾರೆಪ್ಪನನ್ನು ಕೇಳಿದೆ. ಅವನು ಭಂಡಾರದ ಚೀಲ ಕಟ್ಟುತ್ತಾ, ಶಾಲೆಗೆ ಹೋದರೆ ಬಿಟ್ಟಂತಲ್ಲ, ಬಿಡಾರ ಹೂಡಿದರೆ ಮಾತ್ರ ಎಂದ. ನರೇಂದರ್ ಅಲ್ಲೇ ಇದ್ದ. ಸ್ವಲ್ಪ ಹೊತ್ತಿನ ಮೇಲೆ ಬಂದು, ಮರಿಯ ನೆತ್ತಿಯ ಭಂಡಾರಕ್ಕೆ ಬೆರಳು ಮುಟ್ಟಿಸಿ ಹಣೆಗೆ ಇಟ್ಟುಕೊಂಡ. ಇವತ್ತು ಬೆಳಿಗ್ಗೆ ಒಬ್ಬನೇ ಪುಣೆಗೆ ಹೋದ. ನನ್ನನ್ನು ಮಾತಾಡಿಸಲಿಲ್ಲ. ಮೌನಿಕಾ ಶಾಲೆಗೆ ಬಂದಿದ್ದಾಳೆ, ಲಂಗದಲ್ಲಿ ಕಲ್ಲುಗಳಿವೆ.

ತಾರೀಖು ಸದ್ಯಕ್ಕೆ ಕೇಳಬೇಡಿ, ಸರ್.

ಅಖಿಲಾ